ಸೀವ್ ಮೇಲ್ ಫಿಲ್ಟರ್: ಆರು ವರ್ಷ ಬಳಸಿದ ಮೇಲೆ

ನನ್ನ ಸ್ವಂತ ಡೊಮೈನ್‌ನ ಮೇಲ್ ಇರುವುದು ಒಂದು ಸಣ್ಣ ಹೋಸ್ಟಿಂಗ್ ಕಂಪನಿಯಲ್ಲಿ. ಸರ್ವರ್ ಡವ್‌ಕಾಟ್, ವೆಬ್‌ಮೇಲ್ ರೌಂಡ್‌ಕ್ಯೂಬ್. ಅದರ ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್ಸ್’ ಅಂತ ಇದೆಯಲ್ಲ, ಒಳಗೆ ಕೆಲಸ ಮಾಡುವುದು ಸೀವ್, ಅಂದರೆ ಬಂದ ಮೇಲ್ ಏನು ಮಾಡಬೇಕು ಅಂತ ಸರ್ವರ್‌ಗೆ ರೂಲ್ ಬರೆದು ಹೇಳುವ ಒಂದು ಸಣ್ಣ ಭಾಷೆ.

ಮೊದಲು ಲ್ಯಾಪ್‌ಟಾಪ್‌ನ ಮೇಲ್ ಆ್ಯಪ್‌ನಲ್ಲೇ ಫಿಲ್ಟರ್ ಹಾಕಿಕೊಂಡಿದ್ದೆ. ಲ್ಯಾಪ್‌ಟಾಪ್ ಮುಚ್ಚಿದರೆ ಫಿಲ್ಟರೂ ನಿಂತಿತು, ಆದರೆ ಫೋನ್ ಮಾತ್ರ ಪ್ರತಿ ಜಾಹೀರಾತಿಗೂ ಟಿಣ್ ಅನ್ನುತ್ತಲೇ ಇರುತ್ತಿತ್ತು. ಸೀವ್‌ನಲ್ಲಿ ಹಾಗಲ್ಲ. ಮೇಲ್ ಸರ್ವರ್‌ಗೆ ಬಂದು ಬೀಳುವಾಗಲೇ ಯಾವ ಫೋಲ್ಡರ್ ಅಂತ ತೀರ್ಮಾನ ಆಗಿಬಿಡುತ್ತದೆ.

ಸೀವ್‌ನಲ್ಲಿ ಮೇಲನ್ನು ಪೂರ್ತಿ ಎಸೆದುಬಿಡುವ ‘ಡಿಸ್ಕಾರ್ಡ್’ ಅಂತ ಒಂದು ಆಜ್ಞೆ ಇದೆ, ದಯವಿಟ್ಟು ಅದನ್ನು ಬಳಸಬೇಡಿ. ದಿನಾ ನಾಲ್ಕೈದು ಪರ್ಸನಲ್ ಲೋನ್ ಮೇಲ್ ಬರುತ್ತಿತ್ತು ಅಂತ, ಸಬ್ಜೆಕ್ಟ್‌ನಲ್ಲಿ ‘ಲೋನ್’ ಇದ್ದರೆ ಡಿಸ್ಕಾರ್ಡ್ ಅಂತ ಬರೆದಿದ್ದೆ. ಟ್ಯಾಕ್ಸ್ ಫೈಲ್ ಮಾಡುವ ಹೊತ್ತಿಗೆ ನೋಡಿದರೆ ಹೋಮ್ ಲೋನ್ ಬಡ್ಡಿಯ ಸರ್ಟಿಫಿಕೇಟ್ ಎಲ್ಲೂ ಇಲ್ಲ. ಡಿಸ್ಕಾರ್ಡ್ ಆದ ಮೇಲ್ ಟ್ರ್ಯಾಶ್‌ಗೂ ಹೋಗುವುದಿಲ್ಲ, ಕಳಿಸಿದವರಿಗೂ ಗೊತ್ತಾಗುವುದಿಲ್ಲ. ಅವತ್ತಿನಿಂದ ಎಲ್ಲವೂ ‘ಫೈಲ್‌ಇಂಟು’, ಅಂದರೆ ಬೇರೆ ಫೋಲ್ಡರ್‌ಗೆ.

ಪದ ಹುಡುಕುವುದನ್ನೂ ಬಿಟ್ಟೆ. ಈಗ ನೋಡುವುದು ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಎಂಬ ಹೆಡರ್ (ಮೇಲ್ ಜೊತೆ ಬರುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಮಾಹಿತಿಯ ಸಾಲು; ಇದು ‘ಇಂಥ ಮೇಲ್ ಇನ್ನು ಬೇಡ’ ಅನ್ನುವ ದಾರಿ ಹೇಳುತ್ತದೆ) ಇದೆಯಾ ಅಂತ. ಇದ್ದರೆ ಮೇಲ್ ಜಾಹೀರಾತು ಫೋಲ್ಡರ್‌ಗೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರ ಜಾಹೀರಾತುಗಳಲ್ಲಿ ಈ ಹೆಡರ್ ಮೂಲಕ ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗುವ ವ್ಯವಸ್ಥೆ ಇರಬೇಕು ಅಂತ ಜಿಮೇಲ್ 2024ರಲ್ಲಿ ಕಡ್ಡಾಯ ಮಾಡಿತು. ಅದರ ಲಾಭ ನಮಗೂ ಸಿಗುತ್ತಿದೆ, ಈ ಒಂದೇ ರೂಲ್ ನನ್ನ ಹಳೆಯ ಮೂವತ್ತು ರೂಲ್‌ಗಳ ಕೆಲಸ ಮಾಡುತ್ತದೆ. ಬ್ಯಾಂಕ್, ಮಗಳ ಸ್ಕೂಲು, ಲ್ಯಾಬ್ ರಿಪೋರ್ಟ್ ಕಳಿಸುವ ವಿಳಾಸಗಳಿಂದ ಬರುವ ಮೇಲ್‌ಗಳಲ್ಲೂ ಆ ಹೆಡರ್ ಇರಬಹುದು ಅಲ್ವಾ, ಹಾಗಾಗಿ ಅವುಗಳ ರೂಲ್ ಎಲ್ಲಕ್ಕಿಂತ ಮೇಲೆ, ಆ ರೂಲ್‌ನ ಕೊನೆಗೆ ‘ಸ್ಟಾಪ್’. ರೂಲ್‌ಗಳು ಮೇಲಿನಿಂದ ಕೆಳಕ್ಕೆ ಓಡುತ್ತವೆ, ಸ್ಟಾಪ್ ಸಿಕ್ಕಿದ ಕೂಡಲೇ ನಿಲ್ಲುತ್ತವೆ. ಯಾವ ರೂಲೂ ಹೊಂದದಿದ್ದರೆ ಮೇಲ್ ತಾನಾಗಿಯೇ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತದೆ. ಈ ಗುಣ ನನಗೆ ತುಂಬಾ ಇಷ್ಟ. ಶನಿವಾರ ಬೆಳಿಗ್ಗೆ ಜಾಹೀರಾತು ಫೋಲ್ಡರ್ ಮೇಲೆ ಕಣ್ಣಾಡಿಸುತ್ತೇನೆ, ಬೇಕಾದದ್ದು ಸಿಕ್ಕರೆ ಆ ವಿಳಾಸ ಮೇಲಿನ ಪಟ್ಟಿಗೆ ಸೇರುತ್ತದೆ.

ಮೋಸದ ಮೇಲ್‌ಗೆ ಇದು ಸಾಲದು. ಮೋಸ ಮಾಡುವವರು ಹೆಚ್ಚಾಗಿ ಅಂಥ ಹೆಡರ್ ಹಾಕುವ ಗೋಜಿಗೇ ಹೋಗುವುದಿಲ್ಲ. ಅದಕ್ಕೆ ಸರ್ವರ್‌ನಲ್ಲಿ ಸ್ಪ್ಯಾಮ್ ಫಿಲ್ಟರ್ ಬೇರೆಯಾಗಿಯೇ ಬೇಕು.

ಕಳೆದ ವರ್ಷ ಹೋಸ್ಟಿಂಗ್ ಬದಲಾಯಿಸಿದೆ. ಸೀವ್ ಸ್ಕ್ರಿಪ್ಟ್ ಬರೀ ಟೆಕ್ಸ್ಟ್ ಫೈಲ್, ಹೊಸ ಕಡೆ ಹಾಗೇ ಪೇಸ್ಟ್ ಮಾಡಿದೆ. ಮೊದಲ ದಿನ ಎಲ್ಲ ಮೇಲೂ ಇನ್‌ಬಾಕ್ಸ್‌ಗೇ ಬಂತು, ಯಾಕೆಂದರೆ ಅಲ್ಲಿ ಫೋಲ್ಡರ್ ಹೆಸರಿನ ಮುಂದೆ ‘ಇನ್‌ಬಾಕ್ಸ್’ ಮತ್ತು ಒಂದು ಚುಕ್ಕೆ ಸೇರಿಸಬೇಕಿತ್ತು. ಸರಿಪಡಿಸಲು ಐದು ನಿಮಿಷ ಹಿಡಿಯಿತು.