ಇಪ್ಪತ್ತಾರು ಓಬೋಗಳ ವಾಲಗ

ಭಾನುವಾರ ಬೆಳಿಗ್ಗೆ ಈ ಸಿಡಿ ಹಾಕಿದರೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಾಳೆ: "ಇವತ್ತು ಯಾರ ಮದುವೆ?" ಅವಳ ತಪ್ಪೇನಿಲ್ಲ ಬಿಡಿ. ಓಬೋ ಊದುವುದೂ ನಾಗಸ್ವರದ ಸೀವಾಳಿಯಂಥ ಜೋಡಿ ಪೀಪಿಯಿಂದಲೇ. ಅಂಥ ವಾದ್ಯ ಇಲ್ಲಿ ಒಂದಲ್ಲ, ಎರಡಲ್ಲ, 26!

ಇದು ಹದಿನೆಂಟನೇ ಶತಮಾನದ ಸಂಗೀತ ರಚನೆಕಾರ ಹ್ಯಾಂಡೆಲ್‌ನ 'ಮ್ಯೂಸಿಕ್ ಫಾರ್ ದಿ ರಾಯಲ್ ಫೈರ್‌ವರ್ಕ್ಸ್'. ವಾದ್ಯವೃಂದ ನಡೆಸುತ್ತಿದ್ದ ಚಾರ್ಲ್ಸ್ ಮೆಕೆರಸ್ 1959ರಲ್ಲಿ ಮಾಡಿಸಿದ ರೆಕಾರ್ಡಿಂಗ್. ಆತನೂ ಮೊದಲು ಓಬೋ ನುಡಿಸುತ್ತಿದ್ದವನೇ. ಲಂಡನ್ನಿನಲ್ಲಿ ಅಷ್ಟು ಓಬೋದವರು ಒಟ್ಟಿಗೆ ಸಿಗಬೇಕಲ್ಲ? ಸಂಜೆ ಎಲ್ಲರಿಗೂ ಸಂಗೀತ ಕಚೇರಿ. ಅದಕ್ಕೇ ಎಲ್ಲ ಮುಗಿದ ಮೇಲೆ ರಾತ್ರಿ ಹೊತ್ತು ಕೂತು ನುಡಿಸಿದ್ದಾರೆ.

ಇಷ್ಟೊಂದು ಓಬೋ ಯಾಕೆ ಅಂದರೆ, ಅದು ಎರಡನೇ ಜಾರ್ಜ್ ದೊರೆಯ ಹಟ. 1749ರಲ್ಲಿ ಯುದ್ಧ ಮುಗಿದ ಸಂಭ್ರಮಕ್ಕೆ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಣಬಿರುಸು ಇತ್ತು. ಅಲ್ಲಿಗೆ ತುತ್ತೂರಿ, ನಗಾರಿಯಂಥ ದಂಡಿನ ವಾದ್ಯ ಸಾಕು, ಪಿಟೀಲು ಬೇಡ ಅಂದ. ಹ್ಯಾಂಡೆಲ್‌ಗೋ ಪಿಟೀಲು ಬೇಕು. ಕೊನೆಗೆ 24 ಓಬೋ (ಈ ರೆಕಾರ್ಡಿಂಗಿನಲ್ಲಿ ಇನ್ನೆರಡು ಹೆಚ್ಚು), ಅದೇ ಜಾತಿಯ ದಪ್ಪ ದನಿಯ ವಾದ್ಯ ಬಸೂನ್ 12, 9 ಟ್ರಂಪೆಟ್, 9 ಹಾರ್ನ್, ಜೊತೆಗೆ ನಗಾರಿ ಅಂತ ಬರೆದ. ಆಮೇಲೆ ಪಿಟೀಲನ್ನೂ ಸೇರಿಸಿದ ಅನ್ನಿ, ಆಸಾಮಿ ಬಿಡಲಿಲ್ಲ. ಅಂದಹಾಗೆ, ಬಾಣಬಿರುಸಿನ ದಿನ ಅದಕ್ಕೆಂದೇ ಕಟ್ಟಿದ ಮಂಟಪದ ಒಂದು ಪಕ್ಕಕ್ಕೇ ಬೆಂಕಿ ಹತ್ತಿಕೊಂಡಿತಂತೆ.

ನಾನು ಮೊದಲು ಕೇಳಿದ್ದು ಪಿಟೀಲು ಇರುವ ರೆಕಾರ್ಡಿಂಗ್. ಚೆನ್ನಾಗಿಯೇ ಇತ್ತು, ಆದರೆ ಸೋಫಾ ಮೇಲೆ ಕೂತು ಕಾಫಿ ಕುಡಿಯುವ ಸಂಗೀತ. ಇದು ಹಾಗಲ್ಲ. ಮೊದಲ ಭಾಗ 'ಓವರ್ಚರ್' ಶುರುವಾಗುತ್ತಿದ್ದಂತೆ ಬಯಲಲ್ಲಿ ನಿಂತ ಹಾಗಿರುತ್ತದೆ. ತೇರು ಮೂಲೆ ತಿರುಗುವಾಗಿನ ಗತ್ತು ಅದರದು. 'ಲಾ ರೆಜೂಯಿಸಾನ್ಸ್' (ಸಂಭ್ರಮ) ಅನ್ನೋ ಭಾಗವನ್ನು ಮೂರು ಸಲ ನುಡಿಸಬೇಕು ಅಂತ ಹ್ಯಾಂಡೆಲ್ ಬರೆದಿದ್ದಾನೆ. ಒಮ್ಮೆ ಟ್ರಂಪೆಟ್, ಆಮೇಲೆ ಹಾರ್ನು ಮತ್ತು ಓಬೋ, ಮೂರನೇ ಸಲ ಎಲ್ಲರೂ. ಆ ಮೂರನೇ ಸಲಕ್ಕೆ ನಮ್ಮ ಶೋಕೇಸಿನ ಗಾಜು ಗುಂಯ್ ಅನ್ನುತ್ತದೆ. 'ಲಾ ಪೇ' (ಶಾಂತಿ) ಅನ್ನೋ ಭಾಗ ಮಾತ್ರ ನನಗೆ ಸ್ವಲ್ಪ ಸಪ್ಪೆ.

ಕೊರತೆ ಇಲ್ಲ ಅಂತಲ್ಲ. ಹಳೆಯ ರೆಕಾರ್ಡಿಂಗ್, ವಾಲ್ಯೂಮ್ ಜಾಸ್ತಿ ಮಾಡಿದರೆ ದನಿ ಒರಟಾಗುತ್ತದೆ. ಇಯರ್‌ಫೋನಿನಲ್ಲಿ ಕೇಳಲೇಬೇಡಿ, ಕಿವಿಯೊಳಗೆ ಜೀರುಂಡೆ ಹೊಕ್ಕ ಹಾಗಾಗುತ್ತದೆ. ನಾನು ಸೆಕೆಂಡ್ ಹ್ಯಾಂಡ್ ತರಿಸಿದ್ದು. "ಹೊಸದರ ಹಾಗಿದೆ" ಅಂದಿದ್ದರು, ಬಂದದ್ದು ಒಡೆದ ಡಬ್ಬಿ, ಒಳಗಿನ ಪುಸ್ತಿಕೆಯೂ ಇಲ್ಲ. ಡಿಸ್ಕಿಗೆ ಗೀರು ಬಿದ್ದಿರಲಿಲ್ಲ, ಸುಮ್ಮನಾದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮದುವೆಮನೆಯಲ್ಲಿ ವಾಲಗದವರಿಂದ ದೂರದ ಕುರ್ಚಿ ಹುಡುಕುವವರು ಪಿಟೀಲಿನದ್ದನ್ನೇ ಕೊಂಡುಕೊಳ್ಳಿ.