ಬ್ರಹ್ಮಾವರ–ಪೇತ್ರಿ ರಸ್ತೆಯ ವರ್ಕ್‌ಶಾಪ್: ಸ್ಟಾರ್ಟ್ ಆಗದ ಹಳೆಯ ಬಿ-275 ಮತ್ತೆ ಗದ್ದೆಗಿಳಿದ ಬಗೆ

ನಮ್ಮ ಮನೆಯ ಬಿ-275 ಟ್ರ್ಯಾಕ್ಟರ್ ತಂದೆಯವರ ಕಾಲದ್ದು. ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಕಂಪನಿಗಳು 1963ರಲ್ಲಿ ಜೊತೆಗೂಡಿ ಕಟ್ಟಿದ ಸಂಸ್ಥೆಯ ಮಾದರಿ ಅದು. ಮೂವತ್ತೈದು ಅಶ್ವಶಕ್ತಿಯ ಈ ಗಾಡಿಗೆ ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿದರೆ ನಮ್ಮ ಬೈಲುಗದ್ದೆಯ ಕೆಸರಿನಲ್ಲಿ ಈಗಲೂ ಯಾವ ಹೊಸ ಗಾಡಿಗೂ ಸೋಲುವುದಿಲ್ಲ. ಆದರೆ ಕಳೆದ ಮೂರು ಮಳೆಗಾಲಗಳಲ್ಲಿ ಬೆಳಗ್ಗೆ ಅದನ್ನು ಸ್ಟಾರ್ಟ್ ಮಾಡುವುದೇ ಒಂದು ಸಾಹಸವಾಗಿತ್ತು. ಸೆಲ್ಫ್ ಕೊಟ್ಟಷ್ಟೂ ಇಂಜಿನ್ ನಿಧಾನವಾಗಿ ತಿರುಗಿ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದು, ಕೊನೆಗೆ ಬ್ಯಾಟರಿ ಇಳಿದುಹೋಗುತ್ತಿತ್ತು. ಆಮೇಲೆ ನೆರೆಮನೆಯವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಯೇ ಅದನ್ನು ಎಬ್ಬಿಸಬೇಕಾಗುತ್ತಿತ್ತು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಗಾಡಿಯನ್ನು ಒಮ್ಮೆಯೂ ಸ್ಟಾರ್ಟ್ ಮಾಡಿ ನೋಡದೆ ಡೀಸೆಲ್ ಪಂಪ್ ಕೆಟ್ಟಿದೆಯೆಂದು ನಿರ್ಧರಿಸಿ, ಬಿಚ್ಚಿ, ರಿಪೇರಿ ಮಾಡಿಸಿ ಕೊಟ್ಟರು. ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಬೆಳಗಿನ ತೊಂದರೆ ಮಾತ್ರ ಇದ್ದಲ್ಲೇ ಇತ್ತು. ಆ ಬೇಸರದಲ್ಲಿಯೇ ಈ ಏಪ್ರಿಲ್ ಕೊನೆಯಲ್ಲಿ, ಪರಿಚಿತ ಕೃಷಿಕರೊಬ್ಬರ ಮಾತಿನಂತೆ, ಉಡುಪಿ ಜಿಲ್ಲೆಯ ಬ್ರಹ್ಮಾವರದಿಂದ ಪೇತ್ರಿಗೆ ಹೋಗುವ ರಸ್ತೆಯಲ್ಲಿ ಬಲಬದಿಗೆ ಸಿಗುವ, ಬೋರ್ಡು ಕೂಡ ಇಲ್ಲದ ತಗಡಿನ ಮಾಡಿನ ವರ್ಕ್‌ಶಾಪಿಗೆ ಹೋದೆ.

ಅಲ್ಲಿನ ಮೆಕ್ಯಾನಿಕ್ ಹಿರಿಯರು. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಅವರು ಹೇಳಿದ್ದು ಇಷ್ಟೆ: “ಗಾಡಿ ರಾತ್ರಿ ಇಲ್ಲೇ ಇರಲಿ. ನಾಳೆ ಬೆಳಿಗ್ಗೆ ಬಂದು ನೀವೇ ಸ್ಟಾರ್ಟ್ ಮಾಡಿ, ನಾನು ನೋಡ್ತೇನೆ.” ತಣ್ಣಗಾದ ಇಂಜಿನ್‌ನ ತೊಂದರೆಯನ್ನು ತಣ್ಣಗಿರುವಾಗಲೇ ನೋಡಬೇಕೆಂಬ ಈ ಒಂದು ನಿಯಮಕ್ಕಾಗಿಯೇ ನಾನು ಆ ವರ್ಕ್‌ಶಾಪನ್ನು ಮೆಚ್ಚಿದೆ. ಮರುದಿನ ಬಿಳಿ ಹೊಗೆ ಕಂಡೊಡನೆ ಅವರು ಪಂಪನ್ನು ಸಂಶಯದ ಪಟ್ಟಿಯ ಕೊನೆಗೆ ತಳ್ಳಿದರು. ಡೀಸೆಲ್ ಬಾರದಿದ್ದರೆ ಹೊಗೆಯೇ ಇರುವುದಿಲ್ಲ. ಬಿಳಿ ಹೊಗೆ ಬರುತ್ತಿದೆಯೆಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯಲು ಬೇಕಾದಷ್ಟು ಬಿಸಿ ಅಲ್ಲಿಲ್ಲ. ಡೀಸೆಲ್ ಇಂಜಿನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಅದು ಹೊತ್ತಿಕೊಳ್ಳಬೇಕು, ಮತ್ತು ಸೆಲ್ಫ್ ನಿಧಾನವಾಗಿ ತಿರುಗಿಸಿದರೆ ಆ ಶಾಖವು ತಣ್ಣನೆಯ ಸಿಲಿಂಡರ್ ಗೋಡೆಗೆ ಇಳಿದು ಹೋಗುತ್ತದೆ, ಗಾಳಿಯೂ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಸೋರಿಹೋಗುತ್ತದೆ.

ಬಳಿಕ ಮಲ್ಟಿಮೀಟರ್ ಹೊರಗೆ ಬಂತು. ಸುಮ್ಮನಿದ್ದ ಬ್ಯಾಟರಿಯಲ್ಲಿ 12.6 ವೋಲ್ಟ್ ಇತ್ತು, ಅಂದರೆ ಅದು ಪೂರ್ತಿ ಚಾರ್ಜ್ ಆಗಿತ್ತು. ಸೆಲ್ಫ್ ಕೊಡುವಾಗ ಬ್ಯಾಟರಿಯಲ್ಲಿ 10.4 ವೋಲ್ಟ್ ಉಳಿದರೂ ಸೆಲ್ಫ್ ಮೋಟರಿಗೆ ತಲುಪುತ್ತಿದ್ದುದು 8.7 ಮಾತ್ರ. ಬ್ಯಾಟರಿಯ ನೆಗೆಟಿವ್ ತುದಿಗೂ ಇಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿದಾಗ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತಿದ್ದುದು ಕಂಡಿತು. ಅದು ಅರ್ಧ ವೋಲ್ಟಿನೊಳಗೆ ಇರಬೇಕಿತ್ತು. ಆ ಎರಡನ್ನೂ ಜೋಡಿಸುವ ಅರ್ತ್ ಪಟ್ಟಿಯ ಬೋಲ್ಟ್ ಕೆಳಗೆ ತುಕ್ಕು ಹಿಡಿದು ಹೊಪ್ಪಳೆಗಟ್ಟಿತ್ತು. ಕಡಲಿನ ಉಪ್ಪುಗಾಳಿ, ಜೊತೆಗೆ ನಾಲ್ಕು ತಿಂಗಳ ಮಳೆ ಇರುವ ನಮ್ಮ ಊರಿನಲ್ಲಿ ಇದು ಎಲ್ಲರ ಹಳೆಯ ಗಾಡಿಗೂ ಬರುವ ರೋಗವಾದ್ದರಿಂದ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಲೋಹ ಹೊಳೆಯುವವರೆಗೆ ಉಜ್ಜಿ ಹೊಸ ಪಟ್ಟಿ ಹಾಕಿದ ಮೇಲೆ ಇಂಜಿನ್ ತಿರುಗುವ ಸದ್ದೇ ಬೇರೆಯಾಯಿತು.

ಎರಡನೆಯ ಕಾರಣ ಹೀಟರ್ ಪ್ಲಗ್‌ಗಳಲ್ಲಿತ್ತು. ಈ ಇಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳದೆ ಸಿಲಿಂಡರ್ ಹೆಡ್‌ನೊಳಗಿನ ಸಣ್ಣ ಕೋಣೆಗೆ ಸಿಂಪಡಣೆಯಾಗುತ್ತದೆ. ಆ ಕೋಣೆಯ ಗೋಡೆಗಳೇ ಶಾಖವನ್ನು ಹೀರುವುದರಿಂದ ತಣ್ಣಗಿರುವಾಗ ಹೀಟರ್ ಇಲ್ಲದೆ ಅದು ಸುಲಭವಾಗಿ ಹೊತ್ತಿಕೊಳ್ಳದು. ನಮ್ಮ ಗಾಡಿಯ ನಾಲ್ಕು ಪ್ಲಗ್‌ಗಳ ವೈರಿಂಗ್ ಒಂದರ ಮೂಲಕ ಇನ್ನೊಂದಕ್ಕೆ ಹೋಗುವಂಥದ್ದು. ಹಾಗಾಗಿ ಒಂದು ಸುಟ್ಟರೆ ನಾಲ್ಕಕ್ಕೂ ಕರೆಂಟ್ ಇಲ್ಲ. ಮೂರು ಮಳೆಗಾಲ ನಾವು ಹೀಟರ್ ಸ್ವಿಚ್ ಒತ್ತಿ ಹಿಡಿದು ಕಾದದ್ದೆಲ್ಲ ವ್ಯರ್ಥವಾಗಿತ್ತೆಂದು ತಿಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಡ್ರೈವರ್ ಕೆಲವೊಮ್ಮೆ ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುತ್ತಿದ್ದುದನ್ನು ಹೇಳಿದೆ. ಹೀಟರ್ ಇರುವ ಇಂಜಿನಿಗೆ ಈಥರ್ ಬಳಸಿದರೆ ಅದು ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟಿಸಿ ಪಿಸ್ಟನ್, ರಿಂಗುಗಳನ್ನು ಮುರಿಯಬಲ್ಲದೆಂದು ಅವರು ಗದರಿಯೇ ಎಚ್ಚರಿಸಿದರು.

ಫಿಲ್ಟರ್‌ನ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿದಾಗ ತಳದಲ್ಲಿ ಎರಡು ಬೆರಳು ನೀರು ನಿಂತಿತು. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವದ ಗಾಳಿ ತಣಿದು ನೀರಾಗುವುದರಿಂದ ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕ್ ತುಂಬಿಸಿಡಲು ಹೇಳಿದರು. ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನೊಳಗಿನ ಏರ್ ತೆಗೆದು, ಡೀಸೆಲ್ ಸಿಂಪಡಿಸುವ ನೋಝಲ್‌ಗಳನ್ನು ಪರೀಕ್ಷಿಸಿದರು. ಕೊನೆಗೆ ಕಂಪ್ರೆಶನ್ (ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಒತ್ತಡ) ಅಳೆದಾಗ ಮೂರನೆಯ ಸಿಲಿಂಡರ್ ಸ್ವಲ್ಪ ಕಡಿಮೆ ತೋರಿಸಿತು. ಇಂಜಿನ್ ಬಿಚ್ಚಿಸಿ ದೊಡ್ಡ ಬಿಲ್ ಮಾಡಲು ಅದೊಂದೇ ಸಾಕಿತ್ತು. ಅವರಾದರೋ ಈ ಏಣೆಲು (ಮಳೆಗಾಲದ ಭತ್ತ) ಬೆಳೆ ಮುಗಿಯಲಿ, ಆಯಿಲ್ ಎಷ್ಟು ಕುಡಿಯುತ್ತದೆಂದು ಬರೆದಿಡಿ, ಆಮೇಲೆ ನೋಡುವ ಎಂದರು.

ಸಾಮಾನು ಮತ್ತು ಕೂಲಿ ಸೇರಿ ಆರು ಸಾವಿರದೊಳಗೆ ಮುಗಿಯಿತು, ಬಿಚ್ಚಿದ ಹಳೆಯ ಪ್ಲಗ್‌ಗಳನ್ನು ಕೇಳದೆಯೇ ಕೈಗೆ ಕೊಟ್ಟರು. ಕೊರತೆಗಳೂ ಇವೆ. ನಾಲ್ಕು ದಿನದ ಕೆಲಸವೆಂದದ್ದು ಒಂಬತ್ತು ದಿನವಾಯಿತು, ವಿಳಂಬವನ್ನು ಫೋನ್ ಮಾಡಿ ತಿಳಿಸಲಿಲ್ಲ, ಬರವಣಿಗೆಯ ಬಿಲ್ ಬೇಕಾದರೆ ಎರಡು ಸಲ ಕೇಳಬೇಕು. ದೂರದಿಂದ ಗಾಡಿ ಸಾಗಿಸಿ ತರುವವರಿಗೆ ಈ ವಿಳಂಬ ದುಬಾರಿಯಾಗುತ್ತದೆ.

ಜೂನ್ ಮೊದಲ ವಾರದಿಂದ ಅಂಗಳದ ತುಂಬ ಟಿಲ್ಲರ್‌ಗಳು ಸಾಲುಗಟ್ಟಿ ನಿಲ್ಲುವುದರಿಂದ, ಹಳೆಯ ಟ್ರ್ಯಾಕ್ಟರ್ ಇರುವವರು ಏಪ್ರಿಲ್‌ನಲ್ಲೇ ಒಯ್ಯುವುದು ಒಳ್ಳೆಯದು. ಒಂದು ರಾತ್ರಿ ಅಲ್ಲಿಯೇ ಬಿಡಲು ಸಿದ್ಧರಾಗಿ ಹೋಗಿ. ಬಿಸಿ ಇಂಜಿನ್ ತಂದವರ ಗಾಡಿಯನ್ನು ಅವರು ಅದೇ ದಿನ ಮುಟ್ಟುವುದಿಲ್ಲ.