ಸಸಿಯ ಎಲೆ ಬಿಳಚಿಕೊಂಡಿತೆಂದು ಗೊಬ್ಬರದ ಡಬ್ಬಕ್ಕೆ ಕೈ ಹಾಕಬೇಡಿ

98 ಕುಳಿಗಳ ಟ್ರೇಯಲ್ಲಿ ಬಿತ್ತಿದ್ದ ಬ್ಯಾಡಗಿ ಮೆಣಸಿನ ಸಸಿಗಳಲ್ಲಿ ಈಗ ಉಳಿದಿರುವುದು ಒಂಬತ್ತು. ಕೆಲವನ್ನು ನುಸಿ ತಿಂದಿತು, ಮಿಕ್ಕದ್ದನ್ನು ನನ್ನ ಚಿಕಿತ್ಸೆ ಮುಗಿಸಿತು.

ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಬಿಸಿಲು ಬೀಳುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಕೋಣೆಯ ಕಪಾಟಿಗೆ ನೇರಳೆ ಬಣ್ಣದ ಎಲ್‌ಇಡಿ ದೀಪ ಕಟ್ಟಿ, ತೆಂಗಿನ ನಾರಿನ ಪುಡಿ ತುಂಬಿ, ಊರಿನಿಂದ ತಂದ ಬ್ಯಾಡಗಿ ಕಡ್ಡಿ ತಳಿಯ ಬೀಜ ಹಾಕಿದೆ. ಸಸಿಗಳು ನಾಲ್ಕೆಲೆ ಬಿಟ್ಟ ಹೊತ್ತಿಗೆ ಟ್ರೇಯ ಒಂದು ಮೂಲೆಯಲ್ಲಿ ಎಲೆಗಳ ಮೇಲೆ ಮಸುಕು ಮಚ್ಚೆಗಳು ಕಾಣಿಸಿಕೊಂಡವು.

ಆ ನೇರಳೆ ಬೆಳಕಿನಲ್ಲೇ ಫೋಟೊ ತೆಗೆದು ಪರಿಚಿತರಿಗೆಲ್ಲ ಕಳಿಸಿದೆ. ಆ ಬೆಳಕಿನಲ್ಲಿ ಹಸಿರು ಕಪ್ಪಾಗಿ ಕಾಣುತ್ತದೆ, ಹಳದಿಯೂ ಬಿಳಿಯೂ ಒಂದೇ ಆಗುತ್ತವೆ. ಒಬ್ಬರು ಕಬ್ಬಿಣದ ಕೊರತೆ ಎಂದರು, ಇನ್ನೊಬ್ಬರು ಮೆಗ್ನೀಸಿಯಮ್ ಎಂದರು, ಮೂರನೆಯವರು ನೀರು ಜಾಸ್ತಿಯಾಗಿದೆ ಎಂದರು. ಮೊದಲು ಉತ್ತರಿಸಿದವರನ್ನು ನಂಬಿ ಕಬ್ಬಿಣವಿರುವ ಲಘು ಪೋಷಕಾಂಶ ಸಿಂಪಡಿಸಿದೆ. ಗುಣ ಕಾಣದಿದ್ದಾಗ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಕೈಯಳತೆಯಲ್ಲಿ ಕಲಸಿ ಕೊಟ್ಟೆ. ಎಲೆಯ ತುದಿಗಳು ಸುಟ್ಟವು.

ಐದು ನಿಮಿಷ ಸುಮ್ಮನೆ ನೋಡಿದ್ದರೆ ಸಾಕಿತ್ತು. ಸಾರಜನಕವನ್ನೂ ಮೆಗ್ನೀಸಿಯಮನ್ನೂ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸಬಲ್ಲದು, ಆದ್ದರಿಂದ ಅವುಗಳ ಕೊರತೆ ಕೆಳಗಿನ ಎಲೆಗಳಲ್ಲಿ ಮೊದಲು ತೋರುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಅದು ಕಡಿಮೆಯಾದರೆ ಎಳೆಯ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುತ್ತದೆ. ದೀಪ ತೀರ ಹತ್ತಿರವಿದ್ದರೆ ಬಿಳಚುವುದು ದೀಪದ ಕಡೆಗಿರುವ ಮೇಲಿನ ಎಲೆಗಳು. ನನ್ನ ಸಸಿಗಳದ್ದು ಈ ಯಾವುದಕ್ಕೂ ಹೊಂದುತ್ತಿರಲಿಲ್ಲ. ಸೂಜಿಮೊನೆಯಿಂದ ಚುಚ್ಚಿದಂಥ ಚುಕ್ಕೆಗಳೇ ಸೇರಿ ಮಚ್ಚೆಯಾಗಿದ್ದವು. ಅದೇ ನೀರು, ಅದೇ ನಾರಿನ ಪುಡಿ ಇರುವಾಗ ಕೊರತೆಯೊಂದು ಬರೀ ಒಂದು ಮೂಲೆಯ ಸಸಿಗಳನ್ನು ಆರಿಸಿಕೊಂಡು ಕಾಡುವುದೇಕೆ? ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ನಡುವೆ ಅಂಗಡಿಯವರು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಅದನ್ನೂ ಹೊಡೆದೆ.

ಒಂದು ರಾತ್ರಿ ಕರೆಂಟು ಹೋಯಿತು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟಾಗ ಎಲೆಯ ಅಡಿಯಲ್ಲಿ ಕೂದಲಿಗಿಂತ ನವಿರಾದ ಬಲೆ ಮಿನುಗಿತು. ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿದೆ. ಉದುರಿದ ದೂಳಿನ ಕಣಗಳು ನಡೆಯತೊಡಗಿದವು. ಜೇಡ ನುಸಿ! ಎಂಟು ಕಾಲಿನ ಜೀವಿ, ಕೀಟವಲ್ಲ, ಜೇಡದ ಬಳಗದ್ದು. ಇಮಿಡಾಕ್ಲೋಪ್ರಿಡ್‌ಗೆ ಇದು ಸಾಯುವುದಿಲ್ಲ, ಕೆಲವು ಬೆಳೆಗಳಲ್ಲಿ ಅದನ್ನು ಹೊಡೆದ ಮೇಲೆ ನುಸಿ ಹೆಚ್ಚಾದದ್ದೂ ಉಂಟು. ಬೇಕಿದ್ದದ್ದು ನುಸಿನಾಶಕ. ಗಾಳಿಗೆ ಸಸಿ ಬಾಗುತ್ತದೆಂದು ಫ್ಯಾನ್ ಆರಿಸಿ ಕಿಟಕಿ ಮುಚ್ಚಿದ್ದೆ. ಬೆಚ್ಚಗೆ, ಒಣದಾಗಿ, ಗಾಳಿಯಾಡದ ಕೋಣೆ ಈ ನುಸಿಗೆ ಮಾವನ ಮನೆಯಿದ್ದಂತೆ. 30 ಡಿಗ್ರಿಯ ಆಸುಪಾಸಿನಲ್ಲಿ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಅದಕ್ಕೆ ಒಂದು ವಾರ ಸಾಕು.

ಇಷ್ಟು ತಿಳಿದ ಮೇಲಾದರೂ ನಿಧಾನಿಸಬೇಕಿತ್ತು. ಬೇವಿನ ಎಣ್ಣೆ ಸಿಂಪಡಿಸಿ, ಎಣ್ಣೆ ಬಿದ್ದ ಎಲೆ ಪ್ರಖರ ಬೆಳಕಿಗೆ ಸುಡಬಹುದೆಂದು ಯೋಚಿಸದೆ ದೀಪ ಆರಿಸದೆ ಬಿಟ್ಟೆ. ಎರಡು ದಿನ ಕಳೆದು ನೀರಿನಲ್ಲಿ ಕರಗುವ ಗಂಧಕವನ್ನೂ ಹೊಡೆದೆ. ಎಣ್ಣೆಗೂ ಗಂಧಕಕ್ಕೂ ನಡುವೆ ಕನಿಷ್ಠ ಎರಡು ವಾರದ ಅಂತರ ಬೇಕು, ಇಲ್ಲವಾದರೆ ಎಲೆ ಸುಡುತ್ತದೆ. ಸುಟ್ಟಿತು. ನುಸಿಯಿಂದ ಚುಕ್ಕೆ ಬಿದ್ದ ಎಲೆಯಾದರೂ ಬದುಕಿಕೊಂಡಿತ್ತು, ನನ್ನ ಔಷಧ ಬಿದ್ದ ಎಲೆ ಹಪ್ಪಳವಾಯಿತು.

ಉಳಿದ ಒಂಬತ್ತು ಸಸಿಗಳಿಗೆ ಈಗ ಔಷಧವಿಲ್ಲ. ಮೂರು ದಿನಕ್ಕೊಮ್ಮೆ ಎಲೆಯ ಅಡಿಭಾಗವನ್ನು ಬರೀ ನೀರಿನಿಂದ ತೊಳೆಯುತ್ತೇನೆ, ಏಕೆಂದರೆ ಒಂದು ಸಲ ತಪ್ಪಿಸಿಕೊಂಡ ಮೊಟ್ಟೆಗಳು ಮುಂದಿನ ಸಲಕ್ಕೆ ಮರಿಯಾಗಿರುತ್ತವೆ. ಬಿಳಿ ದೀಪ ತಂದೆ, ಫ್ಯಾನ್ ತಿರುಗುತ್ತಿದೆ. ನಿಮ್ಮ ಸಸಿ ಬಿಳಚಿದರೆ ಅದನ್ನು ಹಗಲಿನ ಬೆಳಕಿಗೆ ತನ್ನಿ, ಎಲೆಯನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಅಲ್ಲಿಯವರೆಗೆ ಏನನ್ನೂ ಹಾಕಬೇಡಿ, ಹಾಕಲೇಬೇಕೆನಿಸಿದರೆ ಒಂದೇ ಸಸಿಗೆ ಹಾಕಿ ಎರಡು ದಿನ ಕಾಯಿರಿ.

ನುಸಿ ಬಂದದ್ದು ಬಹುಶಃ ಕಪಾಟಿನ ಪಕ್ಕದಲ್ಲಿಟ್ಟಿದ್ದ ಗುಲಾಬಿಯಿಂದ. ಅದರ ಎಲೆಗಳ ಅಡಿಯಲ್ಲೂ ಬಲೆಯಿತ್ತು. ಕುಂಡ ಈಗ ತಾರಸಿಯ ಮೇಲಿದೆ, ನನ್ನ ಹೆಂಡತಿ ಅದನ್ನು ಎಸೆಯಲು ಬಿಡುತ್ತಿಲ್ಲ.